ಇನ್‌ಬಾಕ್ಸ್ ತುಂಬಿದೆ: ತೂಕದ ಮೇಲ್ ಯಾವುದು, ಗದ್ದಲದ ಮೇಲ್ ಯಾವುದು?

2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಜಾಗ ಪುಕ್ಕಟೆ ಕೊಡುತ್ತೇವೆ ಎಂದಾಗ ಬಹಳ ಜನ ಅದನ್ನು ಏಪ್ರಿಲ್ ಫೂಲ್ ತಮಾಷೆ ಎಂದೇ ತಿಳಿದರು. ಆಗ ಹಾಟ್‌ಮೇಲ್ ಕೊಡುತ್ತಿದ್ದುದು 2 ಎಂಬಿ. ಮೇಲ್ ಓದಿ ಅಳಿಸುವ ಅಭ್ಯಾಸ ತಪ್ಪಿದ್ದೇ ಅಲ್ಲಿಂದ. ಈಗ ಉಚಿತ ಮಿತಿ 15 ಜಿಬಿ, ಅದೂ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಅದು ತುಂಬಿತೆಂದರೆ ಮೇಲ್ ಕಳಿಸುವುದೂ ಬರುವುದೂ ನಿಲ್ಲುತ್ತದೆ.

ಜಾಗ ತುಂಬುವುದು ಒಂದು ತೊಂದರೆ, ಓದದ ಮೇಲ್‌ಗಳ ರಾಶಿ ಬೀಳುವುದು ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡವರು ಭಾನುವಾರವಿಡೀ ಕೂತು ಜಾಹೀರಾತು ಮೇಲ್ ಅಳಿಸುತ್ತಾರೆ, ಸ್ಟೋರೇಜ್ ಲೆಕ್ಕ ಮಾತ್ರ ಕದಲುವುದಿಲ್ಲ. ಇಂಥ ಮೇಲ್‌ನ ಚಿತ್ರಗಳು ಸಾಮಾನ್ಯವಾಗಿ ಕಳಿಸಿದವರ ಸರ್ವರ್‌ನಲ್ಲೇ ಇರುತ್ತವೆ. ನಿಮ್ಮ ಪೆಟ್ಟಿಗೆಗೆ ಬರುವುದು ಬರಿಯ ಪಠ್ಯ ಮತ್ತು ಕೊಂಡಿಗಳು. ಒಂದೊಂದು 50 ಕೆಬಿ ಎಂದಿಟ್ಟುಕೊಂಡರೆ 1 ಜಿಬಿ ಖಾಲಿ ಮಾಡಲು 20,000 ಅಳಿಸಬೇಕು. ತಲಾ 20 ಎಂಬಿಯ ಅಟ್ಯಾಚ್‌ಮೆಂಟ್ ಮೇಲ್ ಆದರೆ 50 ಸಾಕು.

ಅಟ್ಯಾಚ್‌ಮೆಂಟ್ ತನ್ನ ನಿಜವಾದ ಗಾತ್ರಕ್ಕಿಂತ ದಪ್ಪವಾಗಿಯೇ ಪ್ರಯಾಣ ಮಾಡುತ್ತದೆ. ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿ 1982ರದ್ದು. 7 ಬಿಟ್‌ನ (ಬಿಟ್ ಎಂದರೆ ಒಂದು 0 ಅಥವಾ 1) ಇಂಗ್ಲಿಷ್ ಪಠ್ಯ ಸಾಗಿಸಲೆಂದು ಮಾಡಿದ್ದು. ಫೋಟೊ, ಪಿಡಿಎಫ್ ಅದರ ಲೆಕ್ಕದಲ್ಲೇ ಇರಲಿಲ್ಲ. ಹಾಗಾಗಿ ಫೈಲಿಗೆ ಅಕ್ಷರಗಳ ವೇಷ ತೊಡಿಸಿ ಕಳಿಸಬೇಕಾಯಿತು. ಇದೇ 'ಬೇಸ್64'. ಫೈಲಿನ 3 ಬೈಟ್, ಅಂದರೆ 24 ಬಿಟ್ ತೆಗೆದುಕೊಂಡು ತಲಾ 6 ಬಿಟ್‌ನ 4 ತುಂಡು ಮಾಡುತ್ತಾರೆ. 6 ಬಿಟ್‌ನಲ್ಲಿ 64 ಜೋಡಣೆ ಸಾಧ್ಯ. ಒಂದೊಂದಕ್ಕೂ ಒಂದು ಗುರುತು: ಇಂಗ್ಲಿಷಿನ ದೊಡ್ಡಕ್ಷರ 26, ಸಣ್ಣಕ್ಷರ 26, ಅಂಕಿ 10, ಪ್ಲಸ್ ಚಿಹ್ನೆ, ಓರೆಗೀಟು. ಹೀಗೆ 3 ಬೈಟ್ ಇದ್ದದ್ದು 4 ಆಗುತ್ತದೆ. 76 ಅಕ್ಷರಕ್ಕೊಮ್ಮೆ ಸಾಲು ಮುರಿಯಬೇಕು, ಅದಕ್ಕೆ ಇನ್ನೆರಡು ಬೈಟ್. 9 ಎಂಬಿ ಫೋಟೊ ದಾರಿಯಲ್ಲಿ ಸುಮಾರು 12.3 ಎಂಬಿ. '25 ಎಂಬಿ ತನಕ ಓಕೆ' ಎಂದು ಕಳಿಸಿದ 20 ಎಂಬಿ ಫೈಲನ್ನು ಕೆಲವು ಸರ್ವರ್‌ಗಳು ವಾಪಸ್ ತಳ್ಳುವುದು ಈ ಕಾರಣಕ್ಕೇ. ಇನ್ನು ಫಾರ್ವರ್ಡ್ ಮಾಡಿದಾಗಲೆಲ್ಲ ಪೂರ್ತಿ ಫೈಲಿನ ಹೊಸ ಪ್ರತಿಯೊಂದು ನಿಮ್ಮ 'ಸೆಂಟ್' ಫೋಲ್ಡರ್‌ನಲ್ಲಿ ಕೂರುತ್ತದೆ.

ಅಳಿಸಲು ಕೂರುವ ಮುಂಚೆ ಗೂಗಲ್ ಖಾತೆಯ ಸ್ಟೋರೇಜ್ ಪುಟ ತೆರೆದು ಜಾಗ ಯಾರು ತಿಂದಿದ್ದಾರೆ ನೋಡಿ. ಆಂಡ್ರಾಯ್ಡ್ ಫೋನಿನ ವಾಟ್ಸ್ಆ್ಯಪ್ ಬ್ಯಾಕಪ್ ಕೂಡ ಈಗ ಇದೇ 15 ಜಿಬಿಯ ಲೆಕ್ಕಕ್ಕೆ ಬರುತ್ತದೆ. ಎಷ್ಟೋ ಸಲ ಜಿಮೇಲ್ ನಿರಪರಾಧಿ. ಮೇಲ್‌ನದೇ ಪಾಲು ದೊಡ್ಡದಿದ್ದರೆ, ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ಸರ್ಚ್ ಪೆಟ್ಟಿಗೆಯ ಬಲತುದಿಯ ಗುರುತು ಒತ್ತಿ, ಸೈಜ್ 10 ಎಂಬಿಗಿಂತ ಹೆಚ್ಚು ಎಂದು ಕೊಡಿ. ಫೋನ್‌ನಲ್ಲಾದರೆ ಇಂಗ್ಲಿಷ್ ಅಕ್ಷರಗಳಲ್ಲಿ 'ಲಾರ್ಜರ್', ಕೋಲನ್, '10ಎಂ' ಎಂದು ನಡುವೆ ಜಾಗ ಬಿಡದೆ ಬರೆದರೂ ಆಗುತ್ತದೆ. ಬೇಕಾದ ಫೈಲ್ ಇಳಿಸಿಕೊಂಡು ಉಳಿದದ್ದು ಅಳಿಸಿ, ಆಮೇಲೆ 5 ಎಂಬಿಗೆ ಇಳಿಯಿರಿ.

ಇಲ್ಲಿ ಕೈ ಸುಡುವ ಜಾಗ ಎರಡು. ಒಂದು ಮೇಲ್ ಮತ್ತು ಅದರ ಉತ್ತರಗಳನ್ನೆಲ್ಲ ಒಂದೇ ಸರಣಿಯಾಗಿ ತೋರಿಸುವ 'ಕಾನ್ವರ್ಸೇಷನ್ ವ್ಯೂ' ಆನ್ ಇದ್ದರೆ ಹುಡುಕಾಟಕ್ಕೆ ಸಿಕ್ಕಿದ್ದು ಒಂದೇ ಮೇಲ್ ಆದರೂ ಪಟ್ಟಿಯಿಂದ ಅಳಿಸಿದಾಗ ಹೋಗುವುದು ಇಡೀ ಸರಣಿ. ಮೂರು ವರ್ಷದ ಪತ್ರವ್ಯವಹಾರದ ನಡುವೆ ಒಂದು ದಪ್ಪ ಫೋಟೊ ಇದ್ದರೆ ಎಲ್ಲವೂ ಅದರ ಜೊತೆಗೇ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿಯೇ ಕೆಲಸಕ್ಕೆ ಇಳಿಯಿರಿ. ಎರಡನೆಯದು, ಅಳಿಸಿದ್ದು 30 ದಿನ ಟ್ರ್ಯಾಶ್‌ನಲ್ಲಿರುತ್ತದೆ, ಅಲ್ಲಿಯವರೆಗೆ ಜಾಗವೂ ಬಿಡುಗಡೆಯಾಗುವುದಿಲ್ಲ. ತುರ್ತಿದ್ದರೆ ಟ್ರ್ಯಾಶ್ ನೀವೇ ಖಾಲಿ ಮಾಡಬೇಕು. ಹಾಗೆ ಮಾಡಿದ ಮೇಲೆ ವಾಪಸ್ ಸಿಗುತ್ತದೆಂದು ನಂಬಿ ಕೂರುವಂತಿಲ್ಲ. ಆರ್ಕೈವ್ ಒತ್ತಿದರೆ ಮೇಲ್ ಇನ್‌ಬಾಕ್ಸ್‌ನಿಂದ ಕಣ್ಮರೆಯಾಗುತ್ತದೆ ಅಷ್ಟೆ, ಒಂದು ಕೆಬಿ ಜಾಗವೂ ಖಾಲಿಯಾಗುವುದಿಲ್ಲ.

ಓದದೆ ರಾಶಿ ಬೀಳುವ ಗದ್ದಲದ ಮೇಲ್‌ಗಳಿಗೆ ಒಂದೊಂದಾಗಿ ಅಳಿಸುವುದು ಮದ್ದಲ್ಲ, ಕಳಿಸುವವರನ್ನೇ ಹಿಡಿಯಬೇಕು. ರಾಶಿಗಟ್ಟಲೆ ಮೇಲ್ ಕಳಿಸುವ ಕಂಪನಿಗಳು ತಮ್ಮ ಪ್ರಚಾರದ ಮೇಲ್‌ಗಳಲ್ಲಿ ಒಂದೇ ಕ್ಲಿಕ್ಕಿನ ಅನ್‌ಸಬ್‌ಸ್ಕ್ರೈಬ್ ಕೊಡಬೇಕು, ಎರಡು ದಿನದೊಳಗೆ ನಿಲ್ಲಿಸಬೇಕು ಎಂದು 2024ರಲ್ಲಿ ಗೂಗಲ್ ಮತ್ತು ಯಾಹೂ ನಿಯಮ ತಂದವು. ಆ ಬಟನ್ ಕಳಿಸಿದವರ ಹೆಸರಿನ ಪಕ್ಕದಲ್ಲೇ ಇರುತ್ತದೆ. ಮೊದಲು ನಿಲ್ಲಿಸಿ, ಆಮೇಲೆ ಅವರ ಹಳೆಯ ಮೇಲ್‌ಗಳನ್ನೆಲ್ಲ ಹುಡುಕಿ ಒಟ್ಟಿಗೆ ಅಳಿಸಿ. ಪುಟದಲ್ಲಿ ಕಾಣುವ 50ನ್ನು ಆಯ್ದಾಗ, ಹುಡುಕಾಟಕ್ಕೆ ಸಿಕ್ಕ ಎಲ್ಲವನ್ನೂ ಆಯ್ಕೆ ಮಾಡುವ ಸಾಲೊಂದು ಮೇಲೆ ಮೂಡುತ್ತದೆ. ಅದನ್ನು ಗಮನಿಸದವರೇ ಹೆಚ್ಚು. ನೀವು ಎಂದೂ ಸೇರಿರದ ಅಪರಿಚಿತ ಪಟ್ಟಿಯಾದರೆ ಮೇಲ್ ಒಳಗಿನ ಅನ್‌ಸಬ್‌ಸ್ಕ್ರೈಬ್ ಕೊಂಡಿ ಒತ್ತಬೇಡಿ: ಈ ವಿಳಾಸದಲ್ಲಿ ಓದುವವರಿದ್ದಾರೆ ಎಂದು ನೀವೇ ಹೇಳಿದಂತಾಗುತ್ತದೆ. ಅದನ್ನು ಸ್ಪ್ಯಾಮ್‌ಗೆ ಹಾಕಿ.

ಉಳಿದವನ್ನು ಹತ್ತಾರು ಫೋಲ್ಡರ್‌ಗಳಲ್ಲಿ ಜೋಡಿಸುವ ಶ್ರಮ, ನಮ್ಮ ಅಭಿಪ್ರಾಯದಲ್ಲಿ, ದಂಡ. 2011ರಲ್ಲಿ ಸ್ಟೀವ್ ವಿಟ್ಟೇಕರ್ ಮತ್ತು ಐಬಿಎಂ ಸಂಶೋಧಕರು 345 ಜನರ ಮೇಲ್ ಬಳಕೆ ಅಳೆದು ನೋಡಿದರು. ಹಳೆಯ ಮೇಲ್ ಒಂದನ್ನು ಸರ್ಚ್‌ನಿಂದ ಹುಡುಕಲು ಸರಾಸರಿ 17 ಸೆಕೆಂಡ್, ಫೋಲ್ಡರ್‌ನಿಂದ 58. ಆದರೆ ಸರ್ಚ್‌ಗೆ ಸಿಗಲು ಪದಗಳಿರಬೇಕಲ್ಲ! ವಿಷಯದ ಸಾಲು ಖಾಲಿ, ಫೈಲಿನ ಹೆಸರು 'ಸ್ಕ್ಯಾನ್ 0012' ಆಗಿದ್ದರೆ ಯಾವ ಸರ್ಚೂ ಕೈಹಿಡಿಯುವುದಿಲ್ಲ. ಕನ್ನಡದ್ದು ಇನ್ನೊಂದು ತಾಪತ್ರಯ. ಜಿಮೇಲ್ ಹುಡುಕುವುದು ಪೂರ್ತಿ ಪದವನ್ನು. ನಮ್ಮ ವಿಭಕ್ತಿಗಳು ಪದಕ್ಕೇ ಅಂಟಿಕೊಂಡಿರುತ್ತವೆ. 'ನಿವೇಶನ' ಎಂದು ಹುಡುಕಿದರೆ 'ನಿವೇಶನದ' ಎಂದಿರುವ ಮೇಲ್ ತಪ್ಪಿಸಿಕೊಳ್ಳಬಹುದು. ಮುಖ್ಯವಾದದ್ದನ್ನು 'ನಿವೇಶನ ತೆರಿಗೆ ರಸೀದಿ 2023' ಎಂದು ವಿಷಯ ಬರೆದು ನಿಮಗೇ ಫಾರ್ವರ್ಡ್ ಮಾಡಿಕೊಳ್ಳಿ, ಮೂಲವನ್ನೂ ಉಳಿಸಿಕೊಳ್ಳಿ.

ಯಾವುದನ್ನು ಇಟ್ಟುಕೊಳ್ಳಬೇಕು? ಇದು ಬೇರೆ ಕಡೆ ಮತ್ತೆ ಸಿಗುತ್ತದೆಯೇ ಎಂದು ಕೇಳಿಕೊಂಡರೆ ಮುಕ್ಕಾಲು ಗೊಂದಲ ಕಳೆಯುತ್ತದೆ. ಇ-ಆಧಾರ್ ಬೇಕೆಂದಾಗ ಇಳಿಸಿಕೊಳ್ಳಬಹುದು, ಪ್ರತಿ ಇಟ್ಟುಕೊಳ್ಳುವ ಅಗತ್ಯವಿಲ್ಲ. ಬಿಟ್ಟ ಕಂಪನಿಯ ಸಂಬಳದ ಚೀಟಿ, ಫಾರ್ಮ್ 16 ಹಾಗಲ್ಲ. ಕೆಲಸ ಬಿಟ್ಟರೆ ಅಲ್ಲಿನ ಲಾಗಿನ್ ಕೂಡ ಹೋಗುತ್ತದೆ. ಆದಾಯ ತೆರಿಗೆಯವರು ಹಳೆಯ ಲೆಕ್ಕ ಮತ್ತೆ ತೆರೆಯುವ ಅವಧಿ, 2024ರ ತಿದ್ದುಪಡಿಯ ನಂತರ, ಮುಚ್ಚಿಟ್ಟ ಆದಾಯ 50 ಲಕ್ಷ ರೂಪಾಯಿ ಮುಟ್ಟಿದ್ದರೆ ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ಹಣಕಾಸು ವರ್ಷದ ಮರುವರ್ಷ) ಮುಗಿದ ಮೇಲೆ 5 ವರ್ಷ 3 ತಿಂಗಳು, ಕಡಿಮೆಯಾದರೆ 3 ವರ್ಷ 3 ತಿಂಗಳು. ತೆರಿಗೆಯ ಕಾಗದ ಏಳು ವರ್ಷ ಇಟ್ಟರೆ ಧಾರಾಳ. ಮನೆ, ಶೇರು, ಮ್ಯೂಚುವಲ್ ಫಂಡ್ ಕೊಂಡ ದಾಖಲೆಗೆ ಮಾತ್ರ ವರ್ಷದ ಲೆಕ್ಕವಿಲ್ಲ. ಮಾರಿದಾಗ ಲಾಭ ಲೆಕ್ಕಹಾಕಲು ಕೊಂಡ ಬೆಲೆ ಬೇಕು, ಹಾಗಾಗಿ ಮಾರಿದ ಮೇಲೂ ಏಳು ವರ್ಷ.

'ನಿಮ್ಮ ಬಿಲ್ ಸಿದ್ಧ, ಇಲ್ಲಿ ಒತ್ತಿ' ಎನ್ನುವ ಮೇಲ್ ಇಟ್ಟುಕೊಂಡರೆ ಬಿಲ್ ಇಟ್ಟುಕೊಂಡಂತಲ್ಲ. ಆ ಕೊಂಡಿ ಸತ್ತ ದಿನ ಉಳಿಯುವುದು ಖಾಲಿ ಮೇಲ್. ಫೈಲ್ ಆಗಲೇ ಇಳಿಸಿಕೊಳ್ಳಿ. ಬ್ಯಾಂಕಿನ ಪಿಡಿಎಫ್‌ಗೆ ಪಾಸ್‌ವರ್ಡ್ ಹೇಗೆ ಕಟ್ಟಿದ್ದಾರೆ ಎಂಬ ಸೂಚನೆ ಹೆಚ್ಚಾಗಿ ಮೇಲ್‌ನಲ್ಲೇ ಇರುತ್ತದೆ, ಫೈಲ್ ಉಳಿಸಿ ಮೇಲ್ ಅಳಿಸಿದರೆ ಬೀಗವಿದೆ, ಕೀಲಿಯಿಲ್ಲ.

ತಕರಾರಿಗೆ ಹೋಗಬಹುದಾದ ಮೇಲ್, ಬಿಲ್ಡರ್ ಕೊಟ್ಟ ಭರವಸೆಯೋ ಬಾಡಿಗೆ ಮುಂಗಡದ ಮಾತುಕತೆಯೋ, ಸ್ಕ್ರೀನ್‌ಶಾಟ್ ತೆಗೆದು ಅಳಿಸುವಂಥದ್ದಲ್ಲ. ಯಾವ ಸರ್ವರ್‌ನಿಂದ ಎಷ್ಟು ಹೊತ್ತಿಗೆ ಹೊರಟಿತು, ಕಳಿಸಿದ ಡೊಮೇನ್‌ನ ಡಿಜಿಟಲ್ ಸಹಿ ಏನು ಎಂಬುದೆಲ್ಲ ಕಣ್ಣಿಗೆ ಕಾಣದ ಹೆಡರ್‌ನಲ್ಲಿರುತ್ತದೆ, ಚಿತ್ರದಲ್ಲಿ ಅದು ಬರುವುದಿಲ್ಲ. ಮೇಲ್ ತೆರೆದು ಮೂರು ಚುಕ್ಕಿ ಒತ್ತಿ 'ಡೌನ್‌ಲೋಡ್ ಮೆಸೇಜ್' ಕೊಟ್ಟರೆ ಹೆಡರ್, ಅಟ್ಯಾಚ್‌ಮೆಂಟ್ ಸಮೇತ ಒಂದೇ ಫೈಲ್ ಸಿಗುತ್ತದೆ. ಥಂಡರ್‌ಬರ್ಡ್‌ನಂಥ ಉಚಿತ ಸಾಫ್ಟ್‌ವೇರ್ ಅದನ್ನು ತೆರೆಯುತ್ತದೆ.