ಮುಚ್ಚದ ನೆತ್ತಿ, ಉದುರದ ಹಾಲುಹಲ್ಲು

ಕೂಸಿಗೆ ಎಣ್ಣೆ ಹಚ್ಚಿ ಎರೆಯುವ ಅಜ್ಜಿಗೆ ನೆತ್ತಿಯ ಮೆತ್ತನೆಯ ಜಾಗ ಚೆನ್ನಾಗಿ ಗೊತ್ತು. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಅದು ಮುಚ್ಚುತ್ತದೆ. ಎರಡು ವರ್ಷ ದಾಟಿದರೂ ಅಗಲವಾಗಿ ತೆರೆದೇ ಇದ್ದರೆ ಎಣ್ಣೆ ಒತ್ತುತ್ತ ಕಾಯಬಾರದು. ಎಲುಬು ಮೆತ್ತಗಾಗುವ ರಿಕೆಟ್ಸ್ ಮತ್ತು ಥೈರಾಯ್ಡ್ ಕೊರತೆಯನ್ನು ಮೊದಲು ಪರೀಕ್ಷಿಸುತ್ತಾರೆ, ಎರಡಕ್ಕೂ ಔಷಧವಿದೆ. ಅವಲ್ಲವೆಂದಾದರೆ ಮಗುವಿನ ಹೆಗಲು ಮುಟ್ಟಿ ನೋಡಬೇಕು.

ಕತ್ತಿನ ಬುಡದಿಂದ ಹೆಗಲಿನ ತನಕ ಬೆರಳಾಡಿಸಿದಾಗ ಕೊರಳೆಲುಬು ನಡುವೆಯೇ ನಿಂತುಹೋದರೆ, ಭುಜಗಳು ಇಳಿಜಾರಾಗಿದ್ದು ಎದೆಯ ಮುಂದೆ ಒಂದಕ್ಕೊಂದು ಹತ್ತಿರ ಬಂದರೆ, ಅದು ಕ್ಲೈಡೋಕ್ರೇನಿಯಲ್ ಡಿಸ್‌ಪ್ಲೇಸಿಯ ಇರಬಹುದು. ಹತ್ತು ಲಕ್ಷಕ್ಕೆ ಸುಮಾರು ಒಬ್ಬರಲ್ಲಿ ಕಾಣುವ ಹುಟ್ಟು ತೊಂದರೆ ಇದು. ಹಣೆ ಉಬ್ಬಿ ನಡುವೆ ತಗ್ಗು ಇರುತ್ತದೆ, ಕಣ್ಣುಗಳ ಅಂತರ ಹೆಚ್ಚು, ಮೂಗಿನ ಸೇತುವೆ ಚಪ್ಪಟೆ, ಎತ್ತರ ತುಸು ಕಡಿಮೆ. ಬುದ್ಧಿಗೆ ಏನೂ ಕೊರತೆಯಿಲ್ಲ.

6ನೇ ವರ್ಣತಂತುವಿನ ರನ್‌ಎಕ್ಸ್-2 ಜೀನು ಎಲುಬು ಕಟ್ಟುವ ಕೋಶಗಳನ್ನು ಸಿದ್ಧಗೊಳಿಸುತ್ತದೆ. ಅದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಮುಖ್ಯವಾಗಿ ಪೊರೆಯಿಂದಲೇ ನೇರವಾಗಿ ಗಟ್ಟಿಯಾಗುವ ತಲೆಬುರುಡೆ ಮತ್ತು ಕೊರಳೆಲುಬಿನಲ್ಲಿ ಈ ಕೊರತೆ ಎದ್ದು ಕಾಣುತ್ತದೆ.

ನಿಜವಾದ ಕಷ್ಟ ಹಲ್ಲಿನದು. ಹತ್ತು-ಹನ್ನೆರಡು ವರ್ಷವಾದರೂ ಹಾಲುಹಲ್ಲು ಗಟ್ಟಿಯಾಗಿ ಕೂತಿರುತ್ತವೆ. ಹೊಸ ಹಲ್ಲಿಗೆ ದಾರಿಯಾಗಲಿ ಎಂದು ಅವನ್ನು ಕೀಳಿಸುವುದು ತಪ್ಪು. ಶಾಶ್ವತ ಹಲ್ಲುಗಳಿಗೆ ತಾವಾಗಿ ಮೇಲೇಳುವ ಶಕ್ತಿಯೇ ಕಡಿಮೆ, ಜೊತೆಗೆ ಒಸಡಿನೊಳಗೆ ಹೆಚ್ಚುವರಿ ಹಲ್ಲುಗಳು ಅಡ್ಡ ನಿಂತಿರುತ್ತವೆ. ಕಿತ್ತರೆ ಬಾಯಿ ಬರಿದಾಗಿಯೇ ಉಳಿಯಬಹುದು. ಮೊದಲು ಇಡೀ ದವಡೆಯ ಎಕ್ಸ್-ರೇ, ಅಂದರೆ ಓಪಿಜಿ, ತೆಗೆಸಬೇಕು. ಹೆಚ್ಚುವರಿ ಹಲ್ಲು ತೆಗೆದು, ಒಳಗಿನ ಹಲ್ಲಿನ ಮೇಲಿನ ಎಲುಬು-ಒಸಡು ಬಿಡಿಸಿ, ತಂತಿ ಕಟ್ಟಿ ನಿಧಾನವಾಗಿ ಹಲ್ಲಿನ ಸಾಲಿಗೆ ಎಳೆದು ತರುತ್ತಾರೆ. ಇದು ವರ್ಷಗಟ್ಟಲೆಯ ಕೆಲಸ. ಹಲ್ಲು ಸರಿಪಡಿಸುವ ವೈದ್ಯರೂ ಶಸ್ತ್ರಚಿಕಿತ್ಸಕರೂ ಒಟ್ಟಿಗೆ ಕೂತು ಯೋಜಿಸಬೇಕು. ಕಲಬುರಗಿ, ಬೀದರ್‌ನ ದಂತ ಕಾಲೇಜುಗಳಲ್ಲಿ ಕೇಳಿನೋಡಿ.

ಕಿವಿಸೋಂಕು ಮರುಕಳಿಸುವುದರಿಂದ ಶ್ರವಣ ಪರೀಕ್ಷೆ ಬೇಕು. ಜೋರಾದ ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದನ್ನು ಕಡೆಗಣಿಸಬೇಡಿ. ಬುರುಡೆಯ ಸಂದು ದೊಡ್ಡದಿದ್ದರೆ ಓಡಾಟ-ಆಟದ ವೇಳೆ ತಲೆಗೆ ರಕ್ಷಣೆ ಬೇಕು. ಅಂಗನವಾಡಿ, ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿದರೆ ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿ ಎದೆ ಮತ್ತು ತಲೆಯ ಎಕ್ಸ್-ರೇಯಲ್ಲೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ.

ಬಸುರಿಯಲ್ಲಿ ಗ್ರಹಣ ತಾಗಿ ಹೀಗಾಯಿತೆಂಬ ಮಾತು ಇಲ್ಲಿ ಬೇಡವೇ ಬೇಡ. ನಮ್ಮ ಕಡೆ ಸೋದರ ಸಂಬಂಧದ ಮದುವೆಗಳು ಹೆಚ್ಚು ನಿಜ, ಆದರೆ ಈ ತೊಂದರೆಗೆ ಅದು ಕಾರಣವಲ್ಲ. ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50, ಕೆಲವರಲ್ಲಿ ಹೊಸದಾಗಿಯೇ ಶುರುವಾಗುತ್ತದೆ. ಈ ತೊಂದರೆಯಿರುವ ಹೆಣ್ಣುಮಗಳು ಬಸುರಿಯಾದಾಗ ಸೊಂಟದ ಎಲುಬು ಇಕ್ಕಟ್ಟಾಗಿ ಸಿಸೇರಿಯನ್ ಬೇಕಾಗಬಹುದು. ಹಾಗಾಗಿ ಆ ಸೌಲಭ್ಯವಿರುವ ಆಸ್ಪತ್ರೆಯಲ್ಲಿ ಮೊದಲೇ ಹೆಸರು ಬರೆಸಿ, ವೈದ್ಯರಿಗೆ ವಿಷಯ ತಿಳಿಸಬೇಕು.