ಅಲ್ಲಿ ಲೀಗಲ್ ಇದ್ದರೆ ಸಾಲದು

"ಆ ದೇಶದಲ್ಲಿ ಇದೆಲ್ಲ ಪೂರ್ತಿ ಲೀಗಲ್ ಅಂತೆ ಸರ್, ಏಜೆಂಟ್ ಹೇಳಿದ್ದಾರೆ." ಬಾಡಿಗೆ ತಾಯಿಯ ಮೂಲಕ ಮಗು ಪಡೆಯಲು ಪರದೇಶಕ್ಕೆ ಹೊರಟವರು ಬಂದು ಕೂತ ಕೂಡಲೇ ಹೇಳುವ ಮಾತು ಇದು. ಕೇಳಿ ಕೇಳಿ ನನಗೆ ಸಾಕಾಗಿದೆ. ಏಜೆಂಟ್ ಸುಳ್ಳು ಹೇಳಿರುವುದಿಲ್ಲ, ಅರ್ಧ ಹೇಳಿರುತ್ತಾರೆ. ಚಿಕಿತ್ಸೆ ಮಾಡಬಹುದಾ ಅಂತ ಹೇಳುವುದು ಆ ದೇಶದ ಕಾನೂನು. ಹುಟ್ಟಿದ ಮಗುವಿನ ಅಪ್ಪ ಅಮ್ಮ ಯಾರು ಅಂತ ನಿಮ್ಮ ದೇಶ ತನ್ನದೇ ಕಾನೂನು ಹಿಡಿದು ಮೊದಲಿನಿಂದ ನೋಡುತ್ತದೆ.

2008ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಮುಂದೆ ಒಂದು ಕೇಸ್ ಬಂತು. ಬ್ರಿಟಿಷ್ ದಂಪತಿ, ಉಕ್ರೇನಿನ ಬಾಡಿಗೆ ತಾಯಿ, ಅವಳಿ ಮಕ್ಕಳು. ಉಕ್ರೇನಿನ ಪ್ರಕಾರ ಈ ದಂಪತಿಯೇ ತಂದೆತಾಯಿ, ಹೆತ್ತವಳಿಗೆ ಸಂಬಂಧವೇ ಇಲ್ಲ. ಬ್ರಿಟನ್ ಪ್ರಕಾರ ಹೆತ್ತವಳೇ ತಾಯಿ, ಅವಳಿಗೆ ಮದುವೆಯಾಗಿದ್ದರಿಂದ ಅವಳ ಗಂಡನೇ ತಂದೆ. ವೀರ್ಯ ಬ್ರಿಟಿಷ್ ಗಂಡನದ್ದೇ ಆಗಿತ್ತು, ಆದರೂ! ಹೀಗೆ ಒಂದು ದೇಶ ಇನ್ನೊಂದು ದೇಶದವರತ್ತ ಬೆರಳು ತೋರಿಸಿದ್ದರಿಂದ ಮಕ್ಕಳಿಗೆ ಎರಡೂ ದೇಶದ ಪೌರತ್ವ ಇಲ್ಲ, ಎರಡೂ ಕಡೆಯ ಕಾನೂನು ಒಪ್ಪುವ ತಂದೆತಾಯಿಯೂ ಇಲ್ಲ. ಕೊನೆಗೆ ಕೋರ್ಟ್ ಈ ದಂಪತಿಯನ್ನೇ ತಂದೆತಾಯಿ ಅಂತ ಆದೇಶ ಕೊಟ್ಟಿತು, ಸರಿ. ಆದರೆ ಅಲ್ಲಿಯವರೆಗಿನ ಸಂಕಟ?

"ಡಿಎನ್ಎ ನಮ್ಮದೇ ಅಲ್ವಾ" ಅನ್ನುವವರಿಗೆ ನಾನು ಹೇಳುವುದು ಈ ಕೇಸನ್ನೇ. ಎಲ್ಲ ದೇಶದಲ್ಲೂ ಹೀಗೇ ಆಗುತ್ತದೆ ಅನ್ನುತ್ತಿಲ್ಲ, ಒಂದೊಂದು ಕಡೆ ಒಂದೊಂದು ದಾರಿ. ಇಟಲಿಯಂತೂ 2024ರಲ್ಲಿ, ತನ್ನ ಪ್ರಜೆಗಳು ಹೊರದೇಶಕ್ಕೆ ಹೋಗಿ ಬಾಡಿಗೆ ತಾಯ್ತನ ಮಾಡಿಸಿಕೊಂಡರೂ ಅಪರಾಧ ಅಂತ ಕಾನೂನು ಮಾಡಿತು.

ದಾನಿಗಳ ವಿಷಯವೂ ಅಷ್ಟೇ. ಸ್ಪೇನ್‌ನಲ್ಲಿ ಅಂಡಾಣು ಕೊಟ್ಟವರ ಹೆಸರು ಗುಟ್ಟು. ಬ್ರಿಟನ್ನಿನಲ್ಲಿ 2005ರ ಏಪ್ರಿಲ್ ನಂತರ ಹೆಸರು ಬರೆಸಿದ ದಾನಿ ಯಾರೆಂದು ಮಗು 18 ತುಂಬಿದ ಮೇಲೆ ಕೇಳಿ ತಿಳಿಯಬಹುದು. ಜರ್ಮನಿಯಲ್ಲಿ ಅಂಡಾಣು ದಾನಕ್ಕೇ ಅವಕಾಶವಿಲ್ಲ.

ಆಸೆ ಹೊತ್ತು ವರ್ಷಗಟ್ಟಲೆ ಕಾದವರಿಗೆ ಇದನ್ನೆಲ್ಲ ಹೇಳುವಾಗ ನನಗೂ ಹೊಟ್ಟೆ ಕಿವುಚುತ್ತದೆ. ಆದರೂ ಅಡ್ವಾನ್ಸ್ ಕೊಡುವ ಮೊದಲು ನಿಮ್ಮ ದೇಶದ ವಕೀಲರನ್ನು ಕೇಳಿ: ಹುಟ್ಟಿದ ದಿನ ಮಗುವಿನ ತಾಯಿ ಯಾರು, ತಂದೆ ಯಾರು, ಪಾಸ್‌ಪೋರ್ಟ್ ಯಾವ ದೇಶದ್ದು, ಬಾಡಿಗೆ ತಾಯಿಗೆ ಮದುವೆ ಆಗಿದೆಯಾ. ಹೆರಿಗೆಯಾದ ಎರಡನೇ ವಾರಕ್ಕೇ ಮೂವರಿಗೂ ವಾಪಸ್ ಟಿಕೆಟ್ ಬುಕ್ ಮಾಡಿಸಿಕೊಂಡು ಬರುವವರಿದ್ದಾರೆ. ಬ್ರಿಟನ್ನಿನವರಾದರೆ, ನೀವೇ ತಂದೆತಾಯಿ ಅಂತ ಕೋರ್ಟ್ ಆದೇಶ ಪಡೆಯಲು ಬೇಕಾದ ಹೆತ್ತವಳ ಒಪ್ಪಿಗೆಗೆ ಹೆರಿಗೆಯಾಗಿ ಆರು ವಾರ ಕಳೆಯಬೇಕು, ಅದಕ್ಕೂ ಮೊದಲು ಹಾಕಿಸಿದ ಸಹಿ ಅಲ್ಲಿನ ಕೋರ್ಟಿನಲ್ಲಿ ನಡೆಯುವುದಿಲ್ಲ.