ಸಿನಾಪ್ಸಿಸ್ ಶೀರ್ಷಿಕೆ ಹಾಕಿದರೆ ಪಬ್‌ಮೆಡ್‌ನಲ್ಲಿ ಏನೂ ಸಿಗುವುದಿಲ್ಲ, ಯಾಕೆ?

ಓದುಗರ ಪ್ರಶ್ನೆ: “ಗದಗದಾಗ ಎಂ.ಎಸ್ಸಿ. ನರ್ಸಿಂಗ್ ಓದಾಕತ್ತೇನ್ರಿ. ನನ್ನ ವಿಷಯ ಪೂರಾ ಟೈಪ್ ಮಾಡಿದ್ರ ಪಬ್‌ಮೆಡ್‌ನ್ಯಾಗ ಒಂದೂ ಲೇಖನ ಬರೂದಿಲ್ಲ. ಬರೇ ‘ಬೆಡ್‌ಸೋರ್’ ಅಂತ ಹಾಕಿದ್ರ ಸಾವಿರಗಟ್ಟಲೆ ಬರ್ತಾವು. ಹೆಂಗ ಹುಡುಕಬೇಕ್ರಿ?”

ಪಬ್‌ಮೆಡ್ ಎಂದರೆ ವೈದ್ಯಕೀಯ ಲೇಖನಗಳನ್ನು ಹುಡುಕುವ ಆನ್‌ಲೈನ್ ತಾಣ. ತೊಡಕು ಇರುವುದು ಸಿನಾಪ್ಸಿಸ್‌ಗೆ, ಅಂದರೆ ಪ್ರಬಂಧದ ರೂಪರೇಖೆಗೆ, ಕೊಟ್ಟ ಆ ಉದ್ದನೆಯ ಶೀರ್ಷಿಕೆಯಲ್ಲೇ. ‘ಗದಗದ ಆಯ್ದ ಆಸ್ಪತ್ರೆಗಳ ಸ್ಟಾಫ್ ನರ್ಸ್‌ಗಳಿಗೆ ಬೆಡ್‌ಸೋರ್ ತಡೆ ಕುರಿತ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಮ್‌ನ ಪರಿಣಾಮ’ ಎಂಬುದನ್ನು ಇಂಗ್ಲಿಷಿನಲ್ಲಿ ಹಾಕಿದರೆ ಪಬ್‌ಮೆಡ್ ಪದಗಳ ನಡುವೆ ತಾನಾಗಿಯೇ ‘ಆ್ಯಂಡ್’ ಸೇರಿಸಿಕೊಳ್ಳುತ್ತದೆ. ಅಷ್ಟೂ ಪದ, ಜೊತೆಗೆ ಗದಗ, ಒಂದೇ ಕಡೆ ಇರುವ ಲೇಖನ ಎಲ್ಲಿಂದ ಬರಬೇಕು? ಊರಿನ ಹೆಸರು, ‘ಆಯ್ದ’, ‘ಪರಿಣಾಮ’ ಇವನ್ನೆಲ್ಲ ತೆಗೆದುಬಿಡಿ. ಉಳಿಯುವುದು ಮೂರೇ: ಬೆಡ್‌ಸೋರ್, ನರ್ಸ್, ತರಬೇತಿ.

ಇನ್ನು ಒಂದೊಂದಕ್ಕೂ ಇರುವ ಬೇರೆ ಬೇರೆ ಹೆಸರುಗಳನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ಇದಕ್ಕೆ ಅರ್ಧ ದಿನ ಹೋದರೂ ಚಿಂತೆಯಿಲ್ಲ, ಅವಸರ ಮಾಡಬೇಡಿ. ವಾರ್ಡಿನಲ್ಲಿ ನಾವು ಬೆಡ್‌ಸೋರ್ ಎನ್ನುವುದು ಲೇಖನಗಳಲ್ಲಿ ಡೆಕ್ಯುಬಿಟಸ್, ಪ್ರೆಷರ್ ಸೋರ್, ಪ್ರೆಷರ್ ಅಲ್ಸರ್ ಆಗಿರುತ್ತದೆ. 2016ರಲ್ಲಿ ಅಮೆರಿಕದ ರಾಷ್ಟ್ರೀಯ ಪ್ರೆಷರ್ ಅಲ್ಸರ್ ಸಲಹಾ ಮಂಡಳಿ ಇದಕ್ಕೆ ‘ಪ್ರೆಷರ್ ಇಂಜುರಿ’ ಎಂದು ಹೆಸರು ಬದಲಿಸಿತು. ಹಳೆಯ ಹೆಸರೊಂದನ್ನೇ ಹಾಕಿದರೆ ಈಚಿನ ಲೇಖನಗಳು ಕೈತಪ್ಪುತ್ತವೆ. ‘ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಮ್’ ನಮ್ಮ ದೇಶದ ಪ್ರಬಂಧಗಳಿಗೆ ರೂಢಿಯ ಮಾತು. ಹೊರಗಿನವರು ಎಜುಕೇಷನ್, ಟ್ರೇನಿಂಗ್ ಎಂದೇ ಹೆಚ್ಚಾಗಿ ಬರೆಯುತ್ತಾರೆ.

ಒಂದೇ ವಿಚಾರದ ಹೆಸರುಗಳನ್ನು ‘ಆರ್’ನಿಂದ ಜೋಡಿಸಿ ಆವರಣದೊಳಗೆ ಹಾಕಿ, ಮೂರು ಆವರಣಗಳನ್ನು ‘ಆ್ಯಂಡ್’ನಿಂದ ಕೂಡಿಸಿ. ಈ ಎರಡು ಪದಗಳನ್ನು ದೊಡ್ಡಕ್ಷರದಲ್ಲೇ ಟೈಪ್ ಮಾಡಿ. ಆವರಣ ಮರೆತರೆ ಪಬ್‌ಮೆಡ್ ಎಡದಿಂದ ಬಲಕ್ಕೆ ಓದುತ್ತ ಹೋಗುತ್ತದೆ. ‘ನರ್ಸ್ ಆ್ಯಂಡ್ ಬೆಡ್‌ಸೋರ್ ಆರ್ ಪ್ರೆಷರ್ ಇಂಜುರಿ’ ಎಂದರೆ ನರ್ಸ್‌ಗೆ ಸಂಬಂಧವೇ ಇಲ್ಲದ ಪ್ರೆಷರ್ ಇಂಜುರಿ ಲೇಖನಗಳೂ ಬಂದು ಗುಡ್ಡೆಯಾಗುತ್ತವೆ.

ಪದದ ತುದಿಗೆ ನಕ್ಷತ್ರ ಚಿಹ್ನೆ ಇಟ್ಟರೆ ಏಕವಚನ, ಬಹುವಚನ ಎರಡೂ ಸಿಗುತ್ತವೆ. ಅದರ ಮುಂಚೆ ಕನಿಷ್ಠ 4 ಅಕ್ಷರ ಇರಬೇಕು. ಆದರೆ ಇಂಗ್ಲಿಷಿನ ‘ನರ್ಸ್’ನ ಮೊದಲ 4 ಅಕ್ಷರಕ್ಕೇ (nurs) ನಕ್ಷತ್ರ ಇಟ್ಟರೆ ನರ್ಸರಿಯೂ ಬರುತ್ತದೆ ನೋಡ್ರಿ. ನಕ್ಷತ್ರ ಅಥವಾ ಉದ್ಧರಣ ಚಿಹ್ನೆ ಬಳಸಿದ ಪದಕ್ಕೆ ಪಬ್‌ಮೆಡ್ ತಾನಾಗಿ ಸಮಾನಪದ ಹುಡುಕುವುದಿಲ್ಲ. ಹೀಗಾಗಿ ಮೆಶ್ ಎಂಬ ವಿಷಯ ಪದಕೋಶದಲ್ಲಿ ನಿಮ್ಮ ವಿಚಾರಕ್ಕೆ ಯಾವ ಪದ ಇದೆ ಎಂದು ನೋಡಿ, ಅದನ್ನೂ ‘ಆರ್’ ಹಾಕಿ ಸೇರಿಸಿ. ಮೆಶ್ ಒಂದನ್ನೇ ನಂಬುವಂತೆಯೂ ಇಲ್ಲ. ಎಷ್ಟೋ ಲೇಖನಗಳಿಗೆ ಆ ಪದ ಹಚ್ಚಿರುವುದೇ ಇಲ್ಲ.

ಇಷ್ಟಾದ ಮೇಲೂ ಫಲಿತಾಂಶ ಹೆಚ್ಚೆನಿಸಿದರೆ ವರ್ಷದ ಮಿತಿ ಹಾಕಿ, ಇಲ್ಲವೇ ‘ಇಂಡಿಯಾ’ ಸೇರಿಸಿ ಇನ್ನೊಮ್ಮೆ ನೋಡಿ. ಪೂರ್ತಿ ಉಚಿತವಾಗಿ ಸಿಗುವ ಲೇಖನಗಳನ್ನಷ್ಟೇ ತೋರಿಸುವ ‘ಫ್ರೀ ಫುಲ್ ಟೆಕ್ಸ್ಟ್’ ಮಾತ್ರ ಈಗಲೇ ಒತ್ತಬೇಡಿ, ಮುಖ್ಯ ಲೇಖನವೇ ಮರೆಯಾದೀತು. ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಡಿಯಲ್ಲಿದ್ದರೆ, ಪೂರ್ಣ ಲೇಖನಕ್ಕೆ ಹಣ ಕೊಡುವ ಮೊದಲು ಅದರ ಡಿಜಿಟಲ್ ಗ್ರಂಥಾಲಯ ಜಾಲವಾದ ಹೆಲಿನೆಟ್ ಬಗ್ಗೆ ಲೈಬ್ರರಿಯನ್ ಅವರನ್ನು ಕೇಳಿ. ನರ್ಸಿಂಗ್‌ಗೆಂದೇ ಇರುವ ಸಿನಾಲ್ ಡೇಟಾಬೇಸ್ ಅಲ್ಲಿ ತೆರೆಯುತ್ತದೆಯೇ ಎಂಬುದನ್ನೂ ವಿಚಾರಿಸಿ.

ಹುಡುಕಿದ ದಿನಾಂಕ, ಹಾಕಿದ ಪೂರ್ತಿ ಸಾಲು, ಬಂದ ಸಂಖ್ಯೆ ಮೂರನ್ನೂ ಅಂದೇ ವಹಿಯಲ್ಲಿ ಬರೆದಿಡಿ. 8 ಗಂಟೆ ಏನೂ ಮಾಡದೆ ಬಿಟ್ಟರೆ ಪಬ್‌ಮೆಡ್ ಹಿಸ್ಟರಿ ಅಳಿಸಿಹೋಗುತ್ತದೆ.